ಹಳದಿ ಎಲೆಯ ಹೊಣೆ

ಎಲೆ ಡಾಕ್ಟರಮ್ಮನಿಗೆ ಮನುಷ್ಯರ ಮಾತಿನ ಮೇಲಿನ ನಂಬಿಕೆ ಹೋಗಿ ಹನ್ನೊಂದು ವರ್ಷವಾಗಿತ್ತು. ಅಂದರೆ ಕುಂಡದ ಗಿಡಗಳಿಗೆ ಮದ್ದು ಹೇಳುವ ಕೆಲಸಕ್ಕೆ ಇಳಿದು ಎಷ್ಟು ವರ್ಷವೋ ಅಷ್ಟು. ಅದಕ್ಕೂ ಮುಂಚೆ ಆಕೆ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದಳು. ಅಲ್ಲಿ ಮಣ್ಣು ಚೀಲದಲ್ಲಿ ಬರುತ್ತಿತ್ತು, ಚೀಲಕ್ಕೆ ಚೀಟಿ ಇರುತ್ತಿತ್ತು, ಜೊತೆಗೆ ಬಂದು ತಲೆ ತಿನ್ನುವವರು ಯಾರೂ ಇರುತ್ತಿರಲಿಲ್ಲ. ಲ್ಯಾಬ್ ಮುಚ್ಚಿತು, ಆ ಸುಖವೂ ಮುಗಿಯಿತು.

ಈಗ ಟೆರೇಸಿನಿಂದ ಟೆರೇಸಿಗೆ ಅಲೆದಾಟ. ಪ್ರತಿ ಗಿಡದ ಹಿಂದೆ ಒಬ್ಬ ಮನುಷ್ಯ, ಪ್ರತಿ ಮನುಷ್ಯನ ಬಾಯಲ್ಲಿ ಒಂದು ಸುಳ್ಳು. ‘ಏನು ಹಾಕಿದ್ರಿ?’ ಅಂತ ಕೇಳಿದರೆ ‘ಏನೂ ಇಲ್ಲಪ್ಪ, ಬರೀ ನೀರು’ ಅನ್ನುತ್ತಾರೆ. ಮಣ್ಣು ಕೆದಕಿದರೆ ಟೀ ಚರಟ, ಮೊಟ್ಟೆ ಸಿಪ್ಪೆ, ಬೂದಿ, ಒಂದು ಮನೆಯಲ್ಲಂತೂ ಅರ್ಧ ಕರಗಿದ ಶಕ್ತಿ ಮಾತ್ರೆ. ಬೇರೆಯವರ ಮಾತು ಯಾಕೆ, ಸ್ವಂತ ಅತ್ತೆಯೇ ಪಾತ್ರೆ ತೊಳೆದ ಸೋಪಿನ ನೀರನ್ನು ಕದ್ದುಮುಚ್ಚಿ ಮಲ್ಲಿಗೆ ಕುಂಡಕ್ಕೆ ಸುರಿಯುವವರು. ಸೊಸೆ ಹಿಡಿದರೆ, “ನೀನು ಹುಟ್ಟೋಕೆ ಮುಂಚೆಯಿಂದ ಗಿಡ ಬೆಳೆಸಿದ್ದೀನಿ ಕಣೇ” ಅನ್ನುತ್ತಿದ್ದರು. ಬೆಳೆಸಿದ್ದು ನಿಜ. ಬದುಕಿಸಿದ್ದು ಎಷ್ಟು ಎಂದು ಮಾತ್ರ ಕೇಳಬಾರದು.

ಹೀಗೆ ರೋಸಿಹೋಗಿದ್ದ ಹೆಂಗಸಿಗೆ ಕಣ್ಣಿನ ಕ್ಲಿನಿಕ್ಕಿನ ಮ್ಯಾನೇಜರ್ ಫೋನು ಮಾಡಿ, “ಮೇಡಂ, ನೀವು ನೆಡಿಸಿದ ಗುಲಾಬಿ ಎಲ್ಲಾ ಹಾಳಾಗೋಗಿದೆ” ಅಂದಾಗ ಮೈಯೆಲ್ಲ ಉರಿಯಿತು. ಎರಡೇ ತಿಂಗಳ ಹಿಂದೆ ಅಲ್ಲಿನ ಅಂಗಳಕ್ಕೆ ಹದಿನೆಂಟು ದೊಡ್ಡ ಸಿಮೆಂಟ್ ಕುಂಡ ತರಿಸಿ, ತಾನೇ ನಿಂತು ಮಣ್ಣು ಕಲೆಸಿ, ಗುಲಾಬಿ ನೆಡಿಸಿ ಬಂದಿದ್ದಳು.

ಹೋಗಿ ನೋಡಿದರೆ ಒಂದಲ್ಲ, ಎರಡು ರೋಗ. ಕೆಳಗಿನ ಎಲೆಗಳ ಮೇಲೆ ಅಂಚು ಹರಿದಂಥ ಕಪ್ಪು ಚುಕ್ಕೆ, ಅದರ ಸುತ್ತ ಹಳದಿ. ಇದು ಶಿಲೀಂಧ್ರ, ಅನುಮಾನವೇ ಇಲ್ಲ. ಮೇಲಿನ ಚಿಗುರೆಲೆಯ ಕಥೆ ಬೇರೆ. ಅಲ್ಲಿ ಚುಕ್ಕೆ ಇಲ್ಲ, ನರ ಮಾತ್ರ ಹಸಿರು, ಉಳಿದದ್ದೆಲ್ಲ ಹಳದಿ. ಮಣ್ಣಿನಲ್ಲಿ ಕಬ್ಬಿಣದಂಶ ಇದ್ದರೂ ಗಿಡಕ್ಕೆ ಹೀರಿಕೊಳ್ಳಲು ಆಗುತ್ತಿಲ್ಲ, ಮಣ್ಣು ಸುಣ್ಣದ ಕಡೆಗೆ ವಾಲಿದೆ ಅಂತ ಅರ್ಥ. ಮಣ್ಣು ಕದಡಿದ ನೀರಿಗೆ ಪಿಎಚ್ ಕಾಗದ ಅದ್ದಿದಳು. ಎಂಟೂವರೆ. ಗುಲಾಬಿಗೆ ಆರೂವರೆ ಇದ್ದರೆ ಹಿತ. ಸೋಪಿನ ನೀರು ಬಿದ್ದರೂ ಮಣ್ಣು ಹೀಗೇ ಏರುತ್ತದೆ.

ನೀರು ಹಾಕುವವನು ವಾಚ್‌ಮನ್. ಅರವತ್ತು ದಾಟಿದ, ಮೆಲ್ಲಗೆ ಮಾತಾಡುವ ಮನುಷ್ಯ. ಮೆಟ್ಟಿಲ ಕೆಳಗಿನ ಕೋಣೆಯೇ ಮನೆ. ಆತನನ್ನು ಕರೆಸಿದ್ದು ಕಾರಿಡಾರಿಗೆ. ಕಣ್ಣಿಗೆ ಹನಿ ಬಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದ ರೋಗಿಗಳು, ನರ್ಸುಗಳು, ಕೌಂಟರಿನವರು, ಎಲ್ಲರೂ ಇದ್ದರು.

“ಯಾವ ಹೊತ್ತಲ್ಲಿ ನೀರು ಹಾಕ್ತೀರಣ್ಣಾ?”

“ಸಂಜೆ ಪೈಪ್ ಹಿಡೀತೀನಮ್ಮ. ಎಲೆ ಮೇಲೂ ಬೀಳುತ್ತೆ. ಅದು ತಪ್ಪು ಅಂತ ಗೊತ್ತಿರ್ಲಿಲ್ಲ.”

“ಚುಕ್ಕೆಗೆ ಅದೇ ಕಾರಣ. ರಾತ್ರಿಯಿಡೀ ಎಲೆ ಒದ್ದೆ ಇರುತ್ತೆ. ಇನ್ನು ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ. ಸರಿ, ನೆಲ ಒರೆಸಿದ ಸೋಪ್ ನೀರು ಎಲ್ಲಿ ಚೆಲ್ತೀರಿ?”

“ಮೋರಿಗೆ.”

“ಕುಂಡಕ್ಕೆ?”

“ಇಲ್ಲಮ್ಮ. ಕುಂಡಕ್ಕೆ ಬರೀ ನೀರು.”

ಬರೀ ನೀರು. ಹನ್ನೊಂದು ವರ್ಷದ ಸಿಟ್ಟು ಒಮ್ಮೆಗೇ ನೆತ್ತಿಗೇರಿತು. ಮೊದಲ ತಪ್ಪನ್ನು ಕೇಳಿದ ಕೂಡಲೇ ಒಪ್ಪಿಕೊಂಡವನು ಎರಡನೆಯದಕ್ಕೆ ಯಾಕೆ ಸುಳ್ಳು ಹೇಳುತ್ತಾನೆ ಎಂಬ ಯೋಚನೆ ಹತ್ತಿರವೂ ಸುಳಿಯಲಿಲ್ಲ. “ಮಣ್ಣು ಸುಳ್ಳು ಹೇಳಲ್ಲ ಕಣಣ್ಣಾ. ಈ ವಯಸ್ಸಲ್ಲಿ ನೀವಾದ್ರೂ ಹೇಳ್ಬಾರ್ದು” ಅಂತ ಕಾರಿಡಾರ್ ಪೂರ್ತಿ ಕೇಳುವ ಹಾಗೆ ಅಂದುಬಿಟ್ಟಳು. ಮ್ಯಾನೇಜರ್ ಬರೆದುಕೊಡಿ ಅಂದ. ಸೋಪಿನ ನೀರಿನಿಂದ ಮಣ್ಣು ಕೆಟ್ಟಿದೆ ಅಂತ ಬರೆದುಕೊಟ್ಟಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಆ ಮ್ಯಾನೇಜರ್. ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಮುಂದಿನ ವಾರ ಶಿಲೀಂಧ್ರದ ಔಷಧಿ ಹೊಡೆಯಲು ಹೋದರೆ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ತೆರೆದಿತ್ತು. ಹಾಸಿಗೆ ಸುರುಳಿ ಸುತ್ತಿ ಹಗ್ಗ ಬಿಗಿದಿತ್ತು, ಸ್ಟೌವ್ ಪೇಪರಿನಲ್ಲಿ ಕಟ್ಟಿತ್ತು.

“ಎಲ್ಲಿಗಣ್ಣಾ?”

“ಶನಿವಾರದವರೆಗೆ ಟೈಮ್ ಕೊಟ್ಟಿದ್ದಾರೆ. ಎಲ್ಲಿಗೆ ಅಂತ ಇನ್ನೂ ನೋಡ್ಬೇಕು” ಅಂದ ಆತ. ದೂರಿನ ದನಿ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ತನಗೇನು, ಮಾಡಿದ್ದುಣ್ಣೋ ಮಹರಾಯ ಅಂದುಕೊಳ್ಳುತ್ತಾ ತಿರುಗಿದವಳ ಕಣ್ಣಿಗೆ ಬಾಗಿಲ ಪಕ್ಕದ ಪೇಂಟ್ ಡಬ್ಬ ಬಿತ್ತು. ಅದರಲ್ಲೊಂದು ಗುಲಾಬಿ. ಕೆಳಗೆ ನಾಲ್ಕಾರು ಎಲೆಗೆ ಕಪ್ಪು ಚುಕ್ಕೆ ಇತ್ತು ನಿಜ, ಆದರೆ ಚಿಗುರು ಮಿರಮಿರ ಮಿಂಚುತ್ತಿತ್ತು.

“ಇದೆಲ್ಲಿಂದು?”

“ನೀವು ನೆಟ್ಟ ದಿನ ಒಂದು ಸಸಿ ಉಳೀತಲ್ಲಮ್ಮ. ಎಸೆಯೋಕೆ ಮನಸ್ಸು ಬರ್ಲಿಲ್ಲ. ಉಳಿದ ಮಣ್ಣನ್ನೇ ಹಾಕ್ದೆ.”

“ನೀರು?”

“ಅದೇ ಪೈಪು.”

ಅದೇ ಸಸಿ, ಅದೇ ಮಣ್ಣು, ಅದೇ ನೀರು, ಅದೇ ಕೈ. ಬೇರೆ ಇದ್ದದ್ದು ಡಬ್ಬ ಒಂದೇ. ಎಲೆ ಡಾಕ್ಟರಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಡಬ್ಬದ ಮಣ್ಣನ್ನು ನೀರಲ್ಲಿ ಕದಡಿ ಕಾಗದ ಅದ್ದಿದಳು, ಆರೂವರೆ. ಅಂಗಳಕ್ಕೆ ಹೋಗಿ ಸಿಮೆಂಟ್ ಕುಂಡದ ಗೋಡೆಗೆ ಅಂಟಿಕೊಂಡಿದ್ದ ಮಣ್ಣು ಕೆರೆದು, ಕದಡಿ ಅದ್ದಿದಳು, ಕಾಗದ ನೀಲಿಗೆ ತಿರುಗಿತು. ಒಂಬತ್ತರ ಮೇಲೆ.

ಹೊಸ ಸಿಮೆಂಟ್ ಕುಂಡಕ್ಕೆ ಹದಿನೈದು ದಿನ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಬೇಕು. ಇಲ್ಲದಿದ್ದರೆ ಅದರ ಸುಣ್ಣ ಮಣ್ಣಿಗೆ ಇಳಿಯುತ್ತದೆ. ಈ ಕಸುಬಿನಲ್ಲಿ ಇದು ಮೊದಲನೇ ಪಾಠ. ಆಕೆಯೇ ನೂರು ಮನೆಯಲ್ಲಿ ನೂರು ಸಲ ಹೇಳಿದ್ದಳು. ಕ್ಲಿನಿಕ್ಕಿನವರಿಗೆ ನಾಲ್ಕೇ ದಿನದಲ್ಲಿ ಅಂಗಳ ತಯಾರಾಗಬೇಕಿತ್ತು. ‘ಆಗುತ್ತೆ ಬಿಡಿ’ ಅಂದವಳು ತಾನೇ. ಎಲ್ಲರನ್ನೂ ಏನು ಹಾಕಿದ್ರಿ ಏನು ಹಾಕಿದ್ರಿ ಅಂತ ಜಾಲಾಡಿದವಳು ಈ ಸಲ ತನ್ನನ್ನು ಕೇಳಿಕೊಳ್ಳುವುದನ್ನೇ ಮರೆತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದದ್ದಾಯಿತು. ಥೂ ನನ್ನ ಬಾಯಿಗಿಷ್ಟು ಅಂತ ತನಗೆ ತಾನೇ ಬೈದುಕೊಂಡಳು.

ಮ್ಯಾನೇಜರ್ ಎದುರು ಹೋಗಿ, ತಪ್ಪು ನನ್ನದು, ವಾಚ್‌ಮನ್‌ದಲ್ಲ ಅಂತ ಹೊಸ ಕಾಗದ ಬರೆದಿಟ್ಟಳು. ಮ್ಯಾನೇಜರ್ ಓದಿ, “ಸರಿ ಹಾಗಾದ್ರೆ ಅವ್ರು ಇರ್ಲಿ. ನೀವು ಇನ್ನು ಬರೋದು ಬೇಡ” ಅಂದ. ಈ ಸಲವೂ ಪ್ರಶ್ನೆ ಕೇಳಲಿಲ್ಲ.

ಅವಳು ಬಂದು ವಾಚ್‌ಮನ್‌ಗೆ ಸುದ್ದಿ ಹೇಳಿದಳು. ಆತ ಹಾಸಿಗೆಯ ಹಗ್ಗ ಬಿಚ್ಚಲಿಲ್ಲ.

“ಕಾಗದ ಅವರೊಬ್ರು ಓದಿದ್ರು. ಮಾತು ನೀವು ಎಲ್ಲರ ಮುಂದೆ ಅಂದ್ರಿ.”

ಅವಳು ಅಲ್ಲಿಂದಲೇ ತಿರುಗಿದಳು. ನೆಟ್ಟಗೆ ಕಾರಿಡಾರಿಗೆ ಹೋದಳು. ಬೆಂಚಿನ ಮೇಲೆ ಅಂದಿನ ರೋಗಿಗಳಲ್ಲ, ಬೇರೆಯವರು. ಅವರಿಗೆ ತಲೆಬುಡ ತಿಳಿಯಲಿಲ್ಲ. ಕೌಂಟರಿನವರು ತಲೆ ಎತ್ತಿ ನೋಡಿದರು, ಇಬ್ಬರು ನರ್ಸುಗಳು ಬಾಗಿಲಿಗೆ ಬಂದರು. ಕುಂಡ ನೆನೆಸದೆ ಗಿಡ ಕೆಡಿಸಿದವಳು ನಾನು, ಸುಳ್ಳು ಹೇಳಿದ್ದು ಆ ಅಣ್ಣ ಅಲ್ಲ ಅಂತ ಹೇಳಿದಳು. ದನಿ ತಗ್ಗಿಸಲಿಲ್ಲ.

ಹಿಂತಿರುಗಿದಾಗ ಆತ ಬಾಗಿಲಲ್ಲೇ ನಿಂತಿದ್ದ.

“ಕೇಳಿಸ್ತಾ ಅಣ್ಣಾ?”

“ಕೇಳಿಸ್ತು.” ಆತ ಮುಂದುವರಿಸಿದ, “ಆವತ್ತು ನನ್ನ ಮಗಳು ಬಂದಿದ್ಲಮ್ಮ, ಕಣ್ಣು ತೋರಿಸ್ಕೊಳ್ಳೋಕೆ. ಬೆಂಚಿನ ಮೇಲೇ ಕೂತಿದ್ಲು. ಒಂದು ಮಾತೂ ಆಡದೆ ಹೊರಟೋದ್ಲು. ಆಮೇಲೆ ಫೋನ್ ಮಾಡಿಲ್ಲ.”

ಎಲೆ ಡಾಕ್ಟರಮ್ಮ ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡು ಮೊಬೈಲ್ ತೆಗೆದಳು.

“ನಂಬರ್ ಹೇಳಿ.”

ಆತ ಒಂದೊಂದೇ ಅಂಕಿ ಹೇಳಿದ. ಆಕೆ ಒತ್ತಿದಳು. ಆ ಕಡೆ ರಿಂಗಾಗುತ್ತಲೇ ಇತ್ತು. ಎತ್ತುವವರೆಗೆ ಇಬ್ಬರೂ ಮೆಟ್ಟಿಲ ಹತ್ತಿರವೇ ನಿಂತಿದ್ದರು.