ಕುರ್ಚಿಯಿಂದ ಎಬ್ಬಿಸಿದ ಮೇಲೆ

ನನ್ನಪ್ಪ ಜಗಳೂರು ಕಡೆಯ ಗಾರೆ ಕೆಲಸದವನು. ಸಿಮೆಂಟು ಅವನ ಬೆರಳ ತುದಿಗಳನ್ನು ಎಷ್ಟು ಸವೆಸಿತ್ತೆಂದರೆ, ರೇಷನ್ ಅಂಗಡಿಯ ಯಂತ್ರದ ಮೇಲೆ ಹತ್ತೂ ಬೆರಳನ್ನು ಒತ್ತಿದರೂ ಒಂದರ ಗುರುತೂ ಹತ್ತುತ್ತಿರಲಿಲ್ಲ. "ಕೈ ತೊಳ್ಕಂಡು ಬಾರೋ" ಎಂದು ಅಂಗಡಿಯವನು ಗದರುತ್ತಿದ್ದ. ಅಪ್ಪ ತೊಳೆದುಕೊಂಡೇ ಹೋಗಿರುತ್ತಿದ್ದ. ಅವನು ಕಟ್ಟಿದ ಎಷ್ಟೋ ಮನೆಗಳ ಗೃಹಪ್ರವೇಶಕ್ಕೆ ಅಪ್ಪನ ಜೊತೆ ನಾನೂ ಹೋಗಿದ್ದೇನೆ. ನಮಗೆ ಎಲೆ ಹಾಕುತ್ತಿದ್ದದ್ದು ಅಂಗಳದಲ್ಲಿ. ಒಳಗೆ ಅವನೇ ಮಟ್ಟ ಮಾಡಿದ ನೆಲದ ಮೇಲೆ ಬೇರೆಯವರು ಕೂತು ಉಣ್ಣುತ್ತಿದ್ದರು.

"ನೀನು ಕುರ್ಚಿ ಮ್ಯಾಲೆ ಕುಂತು ದುಡಿಬೇಕವ್ವಾ. ಕೈಯಾಗೆ ಪೆನ್ನಿರ್ಬೇಕು, ಗಾರೆ ಕರಣೆ ಅಲ್ಲ" ಎನ್ನುತ್ತಿದ್ದ ಅಪ್ಪ.

ಹಾಗೇ ಆಯಿತು. ಓದು ಮುಗಿಸಿ ಚನ್ನಗಿರಿಯ ಒಂದು ಅನುವಾದದ ಕಚೇರಿಗೆ ಸೇರಿದೆ. ಇಂಗ್ಲಿಷಿನಲ್ಲಿ ಬರುವ ವಿಮೆ ಪತ್ರ, ಕರಾರು, ಅರ್ಜಿಗಳನ್ನು ಕನ್ನಡಕ್ಕೆ ತರುವ ಕೆಲಸ. ಹನ್ನೊಂದು ವರ್ಷ ಮಾಡಿದೆ. ವಿಮೆ ಅರ್ಜಿಯಲ್ಲಿ 'ಅವಲಂಬಿತರು' ಎಂಬ ಪದವೊಂದು ಬರುತ್ತದಲ್ಲ, ಕೆರೆಬಿಳಚಿಯ ಹೆಂಗಸೊಬ್ಬರು ಅದರ ಮೇಲೆ ಬೆರಳಿಟ್ಟು, "ಹಂಗಂದ್ರೆ ಏನ್ರೀ?" ಎಂದು ಕೇಳಿದ್ದರು. ಅಂದಿನಿಂದ ನಾನು 'ನಿಮ್ಮನ್ನೇ ನಂಬಿಕೊಂಡವರು' ಎಂದು ಬರೆಯತೊಡಗಿದೆ. ಅದು ಅಪ್ಪನ ಮಾತು. ಮೇಸ್ತ್ರಿಗಳ ಮುಂದೆ ನಿಂತು ಕೆಲಸ ಕೇಳುವಾಗ ಅವನು, "ನನ್ನ ನಂಬ್ಕಂಡೋರು ಆರು ಜನ ಅದಾರೆ ಸ್ವಾಮಿ" ಎನ್ನುತ್ತಿದ್ದ.

ಹೋದ ವರ್ಷ ಒಂದು ಬೆಳಿಗ್ಗೆ ಕಚೇರಿಯ ಮಾಲೀಕರು ಕರೆದರು. "ಮೇಡಂ, ಇನ್ಮೇಲೆ ಎಐ ಬರೀತೈತೆ. ನೀವು ಒಂದ್ಸಲ ಕಣ್ಣಾಡಿಸಿ ತಿದ್ದಿದ್ರೆ ಸಾಕು."

ಅದು ಬರೆದ ಮೊದಲ ಪುಟಗಳನ್ನು ನಾನು ಹಸಿದವಳಂತೆ ಓದಿದೆ. ತಪ್ಪು ಸಿಗಲಿ, ನಗುವಂಥ ತಪ್ಪು ಸಿಗಲಿ ಎಂದು ಹುಡುಕಿದೆ. ಹೆಚ್ಚೇನೂ ಸಿಗಲಿಲ್ಲ. ಮೂರನೆಯ ಪುಟದಲ್ಲಿ ಮಾತ್ರ ಕಣ್ಣು ನಿಂತುಬಿಟ್ಟಿತು. 'ನಿಮ್ಮನ್ನೇ ನಂಬಿಕೊಂಡವರು' ಎಂದಿತ್ತು.

"ಇದು ನನ್ನ ಮಾತು" ಎಂದೆ.

"ಹೂಂ ಮತ್ತೆ. ನಿಮ್ಮ ಹಳೇ ಪುಟಗಳನ್ನೆಲ್ಲ ಅದಕ್ಕೆ ಕೊಟ್ಟಿದ್ವಿ. ಹಂಗಾಗಿ ಥೇಟ್ ನಿಮ್ಮಂಗೇ ಬರೀತೈತೆ." ಹೊಗಳುವ ದನಿಯಲ್ಲೇ ಹೇಳಿದರು.

"ನನ್ನನ್ನೊಂದು ಮಾತು ಕೇಳಿದ್ರಾ?"

"ಕೇಳಾಕೇನೈತೆ ಮೇಡಂ? ಸಂಬಳ ಕೊಟ್ಟಿದ್ವಲ್ಲ."

ನಾಲ್ಕು ತಿಂಗಳಿಗೆ ತಿದ್ದುವವರೂ ಬೇಡವಾದರು.

ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದ ನನ್ನ ಹೆಸರನ್ನು ಗೆಳತಿಯೊಬ್ಬಳು ಹೊನ್ನಾಳಿಯ ತರಬೇತಿಯೊಂದಕ್ಕೆ ಬರೆಸಿದಳು. ಹೆಂಗಸರಿಗೆ ಟೈಲ್ಸ್ ಹಾಕುವುದನ್ನು ಕಲಿಸುವ ಒಂದು ತಿಂಗಳ ಶಿಬಿರ. ಮೊದಲ ದಿನ ಉದ್ಘಾಟನೆಗೆ ಅತಿಥಿಯೊಬ್ಬರು ಬಂದಿದ್ದರು. ಇಸ್ತ್ರಿಯ ಗೆರೆ ಮುರಿಯದ ಅಂಗಿ. ಮೈಕು ಹಿಡಿದು, ಕುರ್ಚಿ ಕೆಲಸದ ಕಾಲ ಮುಗಿಯಿತು, ಗಾರೆ, ವೈರಿಂಗ್, ನಲ್ಲಿ ಕೆಲಸವನ್ನು ಯಾವ ಯಂತ್ರವೂ ಕಸಿಯಲಾರದು, ನಿಮ್ಮ ಮಕ್ಕಳಿಗೂ ಇದನ್ನೇ ಕಲಿಸಿ ಎಂದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ.

"ನಿಮ್ಮ ಮಕ್ಕಳು ಏನು ಓದ್ತಿದಾರೆ ಸಾರ್?"

ಅವರು ನಗುತ್ತಲೇ, "ಮಗಳು ಮೆಡಿಕಲ್ಲು" ಎಂದರು.

"ಈ ಕೆಲಸ ಅಷ್ಟು ಭದ್ರ ಇದ್ರೆ ಅವರನ್ನೂ ಇಲ್ಲಿಗೆ ಕಳ್ಸಿ. ನಮ್ಮಪ್ಪ ನಲವತ್ತು ವರ್ಷ ಇದನ್ನೇ ಮಾಡಿದ್ದು. ಆಗ ಯಾರೂ ಮೈಕು ಹಿಡ್ದು ಇದಕ್ಕೆ ಬೆಲೆ ಐತೆ ಅನ್ಲಿಲ್ಲ. ಅಂಗಳದಾಗೆ ಕೂರ್ಸಿ ಊಟ ಹಾಕಿದ್ರಿ. ನಮ್ಮಂಥೋರು ಈಗ ಕುರ್ಚಿ ತಂಕ ಬಂದ್ರೆ ಕುರ್ಚಿಗೇ ಬೆಲೆ ಇಲ್ಲ ಅಂತೀರಾ? ಮತ್ತೆ ನಮ್ಮನ್ನೇ ಕೆಳಗಿಳಿಸಾಕೆ ಬಂದೀರಾ?"

"ಕುಂದ್ರಿ ಮೇಡಂ, ಕುಂದ್ರಿ" ಎಂದು ಸಂಘಟಕರು ಓಡಿಬಂದರು. ಅತಿಥಿ ಕೈಗಡಿಯಾರ ನೋಡಿಕೊಂಡು ಹೊರಟರು.

ಚಹಾದ ಹೊತ್ತಿಗೆ, ನಮಗೆ ಕಲಿಸಬೇಕಾಗಿದ್ದ ಹೆಂಗಸು ನನ್ನ ಬಳಿ ಬಂದಳು. ಸೂರಗೊಂಡನಕೊಪ್ಪದವಳು, ನ್ಯಾಮತಿಯಲ್ಲಿ ಹತ್ತು ವರ್ಷದಿಂದ ಟೈಲ್ಸ್ ಹಾಕುತ್ತಿರುವವಳು. ಭೇಷ್ ಅನ್ನುತ್ತಾಳೆಂದುಕೊಂಡೆ.

"ಅಕ್ಕಾ, ಅವರಿಗೆ ಕೇಳಿದ್ದು ಸರಿಯಾತು. ಆದ್ರೆ ಟೈಲ್ಸ್ ಹಾಕೋದು ಅಂದ್ರೆ ಜೈಲಿಗೆ ಹೋದಂಗೆ ಅನ್ನಂಗೆ ಮಾತಾಡಿದ್ರಲ್ಲ? ಇದನ್ನ ಕಲಿಯಾಕೆ ನಾನೆಷ್ಟು ಬಡಿದಾಡೀನಿ ಗೊತ್ತೈತಾ? ನಾನು ಮಟ್ಟಗೋಲು ಹಿಡಿದ್ರೆ ಗಂಡಸ್ರು ಕೆಲಸ ಬಿಟ್ಟು ನಿಂತು ನಗ್ತಿದ್ರು. ನಾನು ಎಲ್ಲೂ ಕೆಳಗಿಳಿದಿಲ್ರೀ."

ಅಪ್ಪ ಏನು ಮಾಡುತ್ತಾರೆ ಎಂದು ಚನ್ನಗಿರಿಯಲ್ಲಿ ಯಾರಾದರೂ ಕೇಳಿದರೆ, ಹನ್ನೊಂದು ವರ್ಷವೂ ನಾನು "ಕಾಂಟ್ರಾಕ್ಟರ್" ಎಂದೇ ಹೇಳಿದ್ದೆ. ಅಂಗಳದಲ್ಲಿ ಕೂರಿಸಿದವರ ಮೇಲೆ ಇದ್ದ ಸಿಟ್ಟಿನಲ್ಲಿ ಒಂದು ಪಾಲು ನನಗೂ ಸೇರಬೇಕಾದದ್ದೇ.

ಶಿಬಿರ ಬಿಟ್ಟು ಹೋಗಲಿಲ್ಲ. ಮೊದಲ ವಾರ ನಾನು ಹಾಕಿದ ಟೈಲ್ಸನ್ನೆಲ್ಲ ಕಲಿಸುವವಳು ಕಿತ್ತು ಹಾಕಿಸಿದಳು. ಈಗ ಅವಳ ಜೊತೆಯಲ್ಲೇ ನ್ಯಾಮತಿ, ಸಾಸ್ವೆಹಳ್ಳಿ ಸುತ್ತ ಕೆಲಸಕ್ಕೆ ಹೋಗುತ್ತೇನೆ. ಮೂಲೆಗೆ ಸರಿಯಾಗಿ ಟೈಲ್ಸ್ ಕತ್ತರಿಸುವಾಗ ಬುದ್ಧಿ ಎಷ್ಟು ಓಡಬೇಕೆಂಬುದು ಅತಿಥಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಸಂಜೆಗೆ ಮಂಡಿ ಮಡಚಲು ಬರುವುದಿಲ್ಲ, ಅದನ್ನೂ ಯಾರೂ ಮೈಕಿನಲ್ಲಿ ಹೇಳುವುದಿಲ್ಲ.

ಅಪ್ಪನಿಗೆ ಎಲ್ಲವನ್ನೂ ಹೇಳಿದಾಗ ಅವನು, "ನಾನು ಕಟ್ಟಿದ ಗೋಡೆ ಮನೆಯೋರದ್ದು, ಅದು ಸರಿ. ನಮ್ಮ ಬಾಯಾಗಿನ ಮಾತೂ ಅವರದ್ದೇ ಏನು? ಬಿಡಬ್ಯಾಡ, ಕೇಳು" ಎಂದ.

ಕೇಳುತ್ತಲೇ ಇದ್ದೇನೆ. ನನ್ನ ಪುಟಗಳನ್ನು ಯಾರನ್ನು ಕೇಳಿ ಎಐಗೆ ಕೊಟ್ಟಿರಿ ಎಂದು ಮಾಲೀಕರಿಗೆ ಮೂರು ಪತ್ರ ಬರೆದೆ. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಬಂತು, ತಪ್ಪಿಲ್ಲದ, ತುಂಬ ವಿನಯದ ಕನ್ನಡದಲ್ಲಿ. ಅವರು ಅಂಥ ಕನ್ನಡ ಬರೆಯುವವರಲ್ಲ, ಅದನ್ನೂ ಎಐಯಿಂದಲೇ ಬರೆಸಿರಬೇಕು. ನಾಲ್ಕನೆಯ ಪತ್ರ ಬರೆಯಲು ಕೂತಿದ್ದೇನೆ.