ಸುಬ್ಬರಾಯಪ್ಪ ಮೇಷ್ಟ್ರ ಕೊಸರು ಲೆಕ್ಕ

ಸುಬ್ಬರಾಯಪ್ಪ ಮೇಷ್ಟ್ರು ಬಹಳ ಒಳ್ಳೆಯವರು ಎಂದು ಗೌನಿಪಲ್ಲಿಯಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಆದರೂ ಮೂವತ್ತೆಂಟನೇ ಇಸವಿಯ ಪರೀಕ್ಷೆ ನೆನಪಾದರೆ ಅವರ ಮೇಲೆ ಇವತ್ತಿಗೂ ಸಿಟ್ಟು ಬರುತ್ತದೆ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಊರು ನಮ್ಮದು. ಸರ್ಕಾರದ ಪುಸ್ತಕದಲ್ಲಿದ್ದ ಹಡಗು, ಬಂದರುಗಳನ್ನು ಕಂಡವರು ಯಾರೂ ಇರಲಿಲ್ಲ. ಮೇಷ್ಟ್ರು ಆ ಪುಸ್ತಕ ಮುಚ್ಚಿಟ್ಟು, ಒಬ್ಬೊಬ್ಬರಿಗೂ ಅವರವರ ಮನೆಯ ಕಸುಬಿನಿಂದಲೇ ಪಾಠ ಕಟ್ಟುತ್ತಿದ್ದರು. ಬಳೆ ಮಾರುವ ಬುಡನ್ ಸಾಬರ ಮಗ ಸುಭಾನನಿಗೆ ಬಳೆಯ ಡಜನ್ನಿನಲ್ಲಿ ಮಗ್ಗಿ ಹೇಳಿಕೊಟ್ಟರು. ಭಾನುವಾರ ಬಂದರೆ ಮನೆಮನೆಯ ಜಗಲಿಯ ಮೇಲೆ ಕೂತು, "ಇದನ್ನ ನೀವು ಹೆಂಗೆ ಎಣಿಸ್ತೀರಪ್ಪ?" ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಶ್ಯಾನುಭೋಗರಾಗಿದ್ದ ನನ್ನ ತಂದೆಗೆ ಇದು ಹಿಡಿಸಲಿಲ್ಲ. ಮನೆಯಲ್ಲಿ ನನ್ನನ್ನು ಕೂರಿಸಿ ಪುಸ್ತಕವನ್ನೇ ಉರುಹೊಡೆಸಿದರು.

ಆಂಜಿನಮ್ಮ ಮಾವಿನ ತೋಟದ ಪೆದ್ದಪ್ಪನ ಮಗಳು. ಮೂರು ತಿಂಗಳು ಶಾಲೆಯಲ್ಲಿ ತುಟಿ ಪಿಟಕ್ ಎನ್ನಲಿಲ್ಲ. ಮೇಷ್ಟ್ರು ತೋಟಕ್ಕೇ ಹೋಗಿ ಅವಳ ಜೊತೆ ಹಣ್ಣು ಎಣಿಸಿದರು. ನಮ್ಮಲ್ಲಿ ಇಪ್ಪತ್ತು ಹಣ್ಣಿಗೆ ಒಂದು ಕೊಸರು, ಅಂದರೆ ಮೇಲೊಂದು ಹಣ್ಣು ಪುಕ್ಕಟೆ. ಕೊಸರಿಲ್ಲದೆ ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಅದರಲ್ಲೇ ಗುಣಾಕಾರ ಕಲಿತ ಹುಡುಗಿ ವರ್ಷ ಮುಗಿಯುವುದರೊಳಗೆ ಲೆಕ್ಕದಲ್ಲಿ ನಮಗೆಲ್ಲ ನೀರು ಕುಡಿಸಿದಳು. ಪೆದ್ದಪ್ಪ ಮೇಷ್ಟ್ರಿಗೆ ಮಾತು ಕೊಟ್ಟ: "ನಾಲ್ಕನೇ ಕ್ಲಾಸು ಪಾಸಾದ್ರೆ ಶ್ರೀನಿವಾಸಪುರದಾಗೆ ಅಕ್ಕನ ಮನೇಲಿಟ್ಟು ಓದಿಸ್ತೀನಿ. ಇಲ್ದಿದ್ರೆ ಮದುವೆ ಮಾಡ್ತೀನಿ."

ಪರೀಕ್ಷೆಗೆ ಇನ್‌ಸ್ಪೆಕ್ಟರು ಬಂದರು. ಬಾಯಿಲೆಕ್ಕ ಮೂರು, ಎರಡು ಸರಿಯಾದರೆ ಪಾಸು. ಆಂಜಿನಮ್ಮನ ಪಾಲಿಗೆ ಎರಡು ಮಾವಿನ ಲೆಕ್ಕಗಳೇ ಬಂದವು. ಮೇಷ್ಟ್ರ ಮುಖ ಅರಳಿದ್ದನ್ನು ನಾನು ನೋಡಿದೆ.

"ಬುಟ್ಟಿಗೆ ಇಪ್ಪತ್ತರಂತೆ ಹತ್ತು ಬುಟ್ಟಿ ಹಣ್ಣು ಮಾರಿದರೆ ಒಟ್ಟು ಎಷ್ಟು ಹಣ್ಣು ಕೊಡಬೇಕು?"

"ಇನ್ನೂರ ಹತ್ತು," ಎಂದಳು ತಟ್ಟನೆ.

"ಸರಿಯಾಗಿ ಯೋಚಿಸು."

"ಇನ್ನೂರ ಹತ್ತೇ."

ಎರಡನೆಯದಕ್ಕೂ ಹಾಗೆಯೇ ಕೊಸರು ಸೇರಿಸಿ ಹೇಳಿದಳು. ಇನ್‌ಸ್ಪೆಕ್ಟರು ಮೇಷ್ಟ್ರ ಕಡೆ ತಿರುಗಿ, "ಏನ್ರೀ ಕಲಿಸಿದ್ದೀರಿ?" ಎಂದರು. ಕೊಸರಿನ ಬಗ್ಗೆ ಮೇಷ್ಟ್ರ ಒಂದು ಮಾತು ಸಾಕಿತ್ತು. ಪುಸ್ತಕ ಬಿಟ್ಟು ಪಾಠ ಮಾಡಿದ್ದು ಬಯಲಾಗುತ್ತದೆಂದೋ ಏನೋ, ಮೇಷ್ಟ್ರು ನೆಲ ನೋಡುತ್ತಾ ನಿಂತರು. ಆಂಜಿನಮ್ಮ ನಪಾಸಾದಳು. ಅದೇ ಲೆಕ್ಕಕ್ಕೆ ನಾನು ಇನ್ನೂರು ಎಂದು ಹೇಳಿ ಪಾಸಾದೆ.

ಸಂಜೆ ಮೇಷ್ಟ್ರು ಪೆದ್ದಪ್ಪನ ಮನೆಗೆ ಹೊರಟಾಗ ನಾನೂ ಹಿಂದೆ ಹೋದೆ.

"ಇನ್ನೊಂದು ವರ್ಷ ಬಿಡು ಪೆದ್ದಪ್ಪ."

"ಆಡಿದ ಮಾತು ಆಡಿದ್ದೇ ಮೇಷ್ಟ್ರೇ. ಗಂಡಿನವರಿಗೆ ಹೇಳಿ ಕಳ್ಸಿದೀನಿ."

ಆಂಜಿನಮ್ಮ ಬಾಗಿಲಿಗೆ ಬಂದು ನಿಂತಳು. ಅತ್ತಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು.

"ಮೇಷ್ಟ್ರೇ, ನನ್ ಲೆಕ್ಕದಾಗೆ ಏನು ತಪ್ಪಿತ್ತು?"

"ಏನೂ ತಪ್ಪಿರಲಿಲ್ಲ ಕಣಮ್ಮ."

"ಮತ್ತೆ ಅವರ ಮುಂದೆ ಯಾಕೆ ಹೇಳ್ಲಿಲ್ಲ?"

ಮೇಷ್ಟ್ರು "ಹೆದರ್ಕೊಂಡೆ ಕಣಮ್ಮ," ಎಂದರು.

ಅವಳು ತಲೆಯಾಡಿಸಿ ಒಳಗೆ ಹೋದಳು. ವೈಶಾಖದಲ್ಲಿ ಮದುವೆಯಾಯಿತು. ಅವಳಿಗೆ ಆಗ ಹನ್ನೊಂದು ವರ್ಷ.