ಮತ್ತೆ ಸಿಗದ ಪುಡಿ

ಶರವಣಂಪಟ್ಟಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ನಾನು ವರ್ಷಗಟ್ಟಲೆ ಒಂದೇ ಕೆಲಸ ಮಾಡಿದೆ. ಸೀರಿಯಂ, ಸಮೇರಿಯಂ ನೈಟ್ರೇಟುಗಳನ್ನು ನೀರಿನಲ್ಲಿ ಕರಗಿಸಿ, ಗ್ಲೈಸೀನ್ ಬೆರೆಸಿ ಕಾಯಿಸುವುದು. ಗ್ಲೈಸೀನ್ ನೋಡಲು ಸಕ್ಕರೆಯಂತಿದ್ದರೂ ಇಲ್ಲಿ ಅದೇ ಇಂಧನ. ನೀರು ಇಂಗಿ, ಪಾಕ ಉಬ್ಬಿ, ತಟ್ಟನೆ ಹೊತ್ತಿಕೊಂಡು ಆರಿದರೆ ಪಾತ್ರೆಯಲ್ಲಿ ಊದಿದರೆ ಹಾರುವಂಥ ತಿಳಿಹಳದಿ ಪುಡಿ ಉಳಿಯುತ್ತದೆ. ಅದನ್ನು ಬಿಲ್ಲೆಯಾಗಿ ಒತ್ತಿ ಕುಲುಮೆಯಲ್ಲಿ ಸುಟ್ಟರೆ ವಿದ್ಯುತ್ ಕೊಡುವ ಇಂಧನಕೋಶದ ಒಳಪದರವಾಗುತ್ತದೆ.

ನನ್ನ ಮಾರ್ಗದರ್ಶಕಿ ನಿವೃತ್ತಿಯ ಅಂಚಿನಲ್ಲಿದ್ದರು. ಒಮ್ಮೆ ಬಂದ ಪುಡಿ ನಾವು ಎಣಿಸಿದ್ದಕ್ಕಿಂತ ಬಹಳ ಚೆನ್ನಾಗಿತ್ತು. ಬಿಲ್ಲೆಗಳಲ್ಲಿ ಒಂದು ಬಿರುಕಿಲ್ಲ. ಮಿತಮಾತಿನ ಅವರು ಅಂದು ಎಲ್ಲರಿಗೂ ಕಾಫಿ ತರಿಸಿದರು. ಪ್ರಬಂಧ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದೆವು, ಒಪ್ಪಿಗೆಯೂ ಬಂತು.

ಆಮೇಲೆ ಗ್ಲೈಸೀನ್ ಬಾಟಲಿ ಮುಗಿದು ಹೊಸದು ಬಂತು. ಅದರಿಂದ ಮಾಡಿದ ಬಿಲ್ಲೆಗಳೆಲ್ಲ ಸೀಳಿದವು. ಪಾತ್ರೆ ಬದಲಿಸಿದೆ, ನೀರು ಬದಲಿಸಿದೆ, ಶಾಖ ಏರಿಸಿ ಇಳಿಸಿ ನೋಡಿದೆ. ಹಳೆಯ ಬಾಟಲಿಯನ್ನು ನಾನೇ ತೊಳೆದು ಎಸೆದಿದ್ದೆ.

ಅಪ್ಪ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಾಸ್ಟರ್. ಭಾನುವಾರ ಗಣಪತಿ ಬಡಾವಣೆಯ ನಮ್ಮ ಮನೆಗೆ ಬಂದಾಗ ಅವರಿಗೆ ಹೇಳಿಕೊಂಡೆ.

"ನಮ್ಗೂ ಹಿಂಗೇ ಕಣಮ್ಮಾ," ಅಂದರು. "ಬಣ್ಣದ ಪುಡಿ ಲಾಟ್ ಬದ್ಲಾದ್ರೆ ಕಲರ್ ನಿಲ್ಲಲ್ಲ. ಅದಕ್ಕೇ ಹಳೇ ಲಾಟಲ್ಲಿ ಒಂದು ಹಿಡಿ ಎತ್ತಿಟ್ಟಿರ್ತೀವಿ. ನೀ ಇಡ್ಲಿಲ್ವಾ?"



ಮರುದಿನ ಸೀಳಿದ ಹನ್ನೊಂದು ಬಿಲ್ಲೆಗಳನ್ನು ಮೇಡಂ ಮುಂದೆ ಇಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಒಂದೊಂದನ್ನೂ ತಿರುವಿ ನೋಡಿ, ಸೆರಗು ಸಿಕ್ಕಿಸಿ, ಪ್ರಯೋಗಾಲಯಕ್ಕೆ ಬಂದು ತಾವೇ ತೂಗಿ, ಬೆರೆಸಿ, ಒಲೆಯ ಮೇಲಿಟ್ಟರು. ಉರಿ ಚೆನ್ನಾಗಿಯೇ ಎದ್ದಿತು. ಎರಡು ದಿನದ ನಂತರ ಕುಲುಮೆ ತೆರೆದಾಗ ಅವರ ಬಿಲ್ಲೆಯೂ ಎರಡು ಹೋಳಾಗಿತ್ತು.

"ಆ ಪುಡಿ ಬಂದಿತ್ತಲ್ಲಮ್ಮಾ," ಎಂದರು ತಮಿಳಿನಲ್ಲಿ. "ನಾವಿಬ್ಬರೂ ನೋಡಿದ್ದೆವಲ್ಲ."

ಹೌದು ಮೇಡಂ ಅಂದೆ.

ಫಲಿತಾಂಶವನ್ನು ಮತ್ತೆ ಮಾಡಿ ತೋರಿಸಲಾಗದೆಂದು ಪ್ರಬಂಧ ಹಿಂತೆಗೆದುಕೊಳ್ಳುವ ಪತ್ರವನ್ನು ಅವರೇ ಬರೆದು, ತಪ್ಪಿದ್ದರೆ ನೋಡು ಎಂದು ನನಗೆ ಕೊಟ್ಟರು. ಮೂರು ಸಲ ಓದಿದೆ. ಒಂದಾದರೂ ತಪ್ಪು ಸಿಕ್ಕಿದರೆ ಇನ್ನೊಂದು ದಿನ ತಡೆಯಬಹುದಿತ್ತು. ಸಿಗಲಿಲ್ಲ. ನನ್ನೆದುರೇ ಕಳಿಸಿದರು. ತಿಂಗಳೊಪ್ಪತ್ತಿನಲ್ಲಿ ನಿವೃತ್ತರಾಗಿ ತುಡಿಯಲೂರಿನ ಮನೆ ಸೇರಿದರು.

ನಾನು ಬೇರೆ ಮಾರ್ಗದರ್ಶಕರ ಕೈಕೆಳಗೆ ಗ್ಲೈಸೀನ್ ಬಿಟ್ಟು ಸಿಟ್ರಿಕ್ ಆಮ್ಲ ಹಿಡಿದೆ. ಫಲಿತಾಂಶ ಸಾಧಾರಣ, ಆದರೆ ಪ್ರತಿ ಸಲವೂ ಅದೇ ಬರುತ್ತಿತ್ತು. ಪಿಎಚ್.ಡಿ. ಪದವಿ ಸಿಕ್ಕಿತು. ಆ ದಿನ ಮೇಡಂ ಫೋನ್ ಮಾಡಿದರು. ಹರಸಿದ ಮೇಲೆ, ಸಿಟ್ರಿಕ್ ಆಮ್ಲದ ಪುಡಿಯಲ್ಲಿ ಬಿಲ್ಲೆ ಸೀಳುವುದಿಲ್ಲವೇ ಎಂದು ಕೇಳಿದರು. ಇಲ್ಲ ಅಂದೆ. ಒಳ್ಳೆಯದಾಯಿತು ಎಂದು ಹೇಳಿ ಫೋನ್ ಇಟ್ಟರು.